ಇಸ್ಟಿಯೊ ಹಾಕಿದ ಮೇಲೆ ಆಗಾಗ 503, ಅದೂ ಲೋಡ್ ಕಡಿಮೆ ಇದ್ದಾಗಲೇ!

ಗೊರಬಲು_ಗಿರಾಕಿ
ನಮಸ್ಕಾರ, ಶಿವಮೊಗ್ಗದಿಂದ. ಅಡಿಕೆ ಮಂಡಿಯವರಿಗೆ ದರ ತೋರಿಸುವ, ಟೆಂಡರ್ ಹಾಕಿಸುವ ಆ್ಯಪ್ ನಮ್ಮದು. ದರ, ಲಾಟ್, ಟೆಂಡರ್, ಬಿಲ್ಲು, ಎಲ್ಲಕ್ಕೂ ಬೇರೆ ಬೇರೆ ಸರ್ವಿಸ್. ಎಲ್ಲವೂ ನೋಡ್ ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಕುಬರ್ನೆಟಿಸ್ ಮೇಲೆ ಓಡುತ್ತವೆ. ಅಲ್ಲಿ ಸರ್ವಿಸ್‌ನ ಓಡುವ ಒಂದೊಂದು ಪ್ರತಿಗೆ ಪಾಡ್ ಅಂತಾರೆ.

ಇಸ್ಟಿಯೊ (ಸರ್ವಿಸ್‌ಗಳ ನಡುವಿನ ಮಾತುಕತೆ ನೋಡಿಕೊಳ್ಳುವ ಮೆಶ್) ಸೈಡ್‌ಕಾರ್, ಅಂದ್ರೆ ಪ್ರತಿ ಪಾಡ್‌ನ ಜೊತೆ ಕೂರುವ ಎನ್ವಾಯ್ ಎಂಬ ಪ್ರಾಕ್ಸಿ, ಹಾಕಿದ ಮೇಲೆ ದರದ ಸರ್ವಿಸ್‌ನಿಂದ ಆಗಾಗ 503 (ಸರ್ವಿಸ್ ಸಿಗುತ್ತಿಲ್ಲ ಎಂಬ ದೋಷ) ಬರುತ್ತಿದೆ. ಟೆಂಡರ್ ಹೊತ್ತಿನ ನೂಕುನುಗ್ಗಲಲ್ಲಿ ಒಂದೂ ಇಲ್ಲ. ಸಂಜೆ ಮಂಡಿ ಖಾಲಿಯಾದ ಮೇಲೆ ಶುರು! ಲೋಡ್ ಟೆಸ್ಟ್ ಕೂಡ ಕ್ಲೀನ್. ಪಾಡ್ ರೀಸ್ಟಾರ್ಟ್ ಆಗಿಲ್ಲ, ಸಿಪಿಯು, ಮೆಮೊರಿ ಆರಾಮಾಗಿವೆ. ಒಂದೇ ಟೆಂಡರ್ ಎರಡು ಸಲ ಬೀಳಬಾರದು ಅಂತ ಇಸ್ಟಿಯೊದ ದಾರಿ ನಿಯಮ, ಅಂದ್ರೆ ವರ್ಚುವಲ್‌ಸರ್ವಿಸ್‌ನಲ್ಲಿ ರಿಟ್ರೈ (ಸೋತರೆ ತಾನೇ ಮತ್ತೆ ಕಳಿಸುವುದು) ಸೊನ್ನೆ ಇಟ್ಟಿದ್ದೇವೆ.

ಶರಾವತಿ_ದಂಡೆ
ಮಳೆಗಾಲ ಅಲ್ವಾ, ಲೈನ್ ಹೋಗಿ ಬಂದು ಮಾಡುತ್ತಿರಬಹುದು. ರಿಟ್ರೈ ಆನ್ ಮಾಡಿ ನೋಡಿ, ಸರಿ ಹೋಗುತ್ತೆ.

ಆಗುಂಬೆ_ಲಾಗ್ಸ್
ಲೈನ್ ಹೋದರೆ ಮಂಡಿಯಲ್ಲಿ ಪೇಜೇ ತೆರೆಯೋದಿಲ್ಲ ಮಾರಾಯ್ರೇ, 503 ಯಾಕೆ ಬರುತ್ತೆ? ರಿಟ್ರೈ ಹಾಕಿದರೆ ಕಾಯಿಲೆ ಮುಚ್ಚಿಹೋಗುತ್ತೆ ಅಷ್ಟೇ. ದರ ಕೇಳುವ ಗೆಟ್‌ಗೆ ಆಮೇಲೆ ಬೇಕಾದರೆ ಹಾಕಿ. ಟೆಂಡರ್‌ನ ಪೋಸ್ಟ್‌ಗೆ ಮಾತ್ರ ಬೇಡವೇ ಬೇಡ.

ಮೊದಲು ಎರಡೂ ಕಡೆಯ ಎನ್ವಾಯ್ ಲಾಗ್ ತೆಗೆಯಿರಿ. 503 ಪಕ್ಕದಲ್ಲಿ ಎರಡಕ್ಷರದ ಗುರುತು ಇರುತ್ತೆ. ಯುಎಚ್ ಅಂದ್ರೆ ಸರಿಯಾಗಿರುವ ಪಾಡೇ ಸಿಗಲಿಲ್ಲ. ಯುಎಫ್ ಅಂದ್ರೆ ಕನೆಕ್ಷನ್ನೇ ಆಗಲಿಲ್ಲ. ಯುಸಿ ಅಂದ್ರೆ ಇದ್ದ ಕನೆಕ್ಷನ್ ಆ ಕಡೆಯಿಂದ ಕಡಿದುಹೋಯಿತು.

ಗೊರಬಲು_ಗಿರಾಕಿ
ಕರೆಯುವ ಕಡೆಯ ಲಾಗ್‌ನಲ್ಲಿ ಬರೀ ‘ವಯಾ_ಅಪ್‌ಸ್ಟ್ರೀಮ್’ ಅಂತಿದೆ, ಅಂದ್ರೆ 503 ಆ ಕಡೆಯಿಂದಲೇ ಬಂದದ್ದು. ದರದ ಪಾಡ್‌ನ ಸೈಡ್‌ಕಾರ್‌ನಲ್ಲಿ ಯುಸಿ. ಆದರೆ ಅದೇ ಪಾಡ್‌ನ ನೋಡ್ ಲಾಗ್‌ನಲ್ಲಿ ಆ ರಿಕ್ವೆಸ್ಟ್ ಬಂದ ಸುಳಿವೇ ಇಲ್ಲ!

ಆಗುಂಬೆ_ಲಾಗ್ಸ್
ಹಾಗಾದರೆ ಗಲಾಟೆ ಪಾಡ್‌ನ ಒಳಗೇ, ಸೈಡ್‌ಕಾರ್‌ಗೂ ನಿಮ್ಮ ನೋಡ್‌ಗೂ ನಡುವೆ. ನೋಡ್‌ನ ಕೀಪ್‌ಅಲೈವ್‌ಟೈಮ್‌ಔಟ್ (ಖಾಲಿ ಕನೆಕ್ಷನ್ ಎಷ್ಟು ಹೊತ್ತು ತೆರೆದಿಡಬೇಕು ಎಂಬ ಮಿತಿ) ಡೀಫಾಲ್ಟ್ 5 ಸೆಕೆಂಡ್. ಎನ್ವಾಯ್ ಮಾತ್ರ ಖಾಲಿ ಕನೆಕ್ಷನ್ನನ್ನು 1 ಗಂಟೆ ಇಟ್ಟುಕೊಂಡಿರುತ್ತೆ. ನೋಡ್ ಬಾಗಿಲು ಹಾಕುವ ಗಳಿಗೆಯಲ್ಲೇ ಎನ್ವಾಯ್ ಅದೇ ಬಾಗಿಲಿಗೆ ರಿಕ್ವೆಸ್ಟ್ ತಳ್ಳಿದರೆ ಯುಸಿ. ಲೋಡ್ ಜಾಸ್ತಿ ಇದ್ದಾಗ ಕನೆಕ್ಷನ್ 5 ಸೆಕೆಂಡ್ ಸುಮ್ನೆ ಕೂರುವುದೇ ಇಲ್ಲ. ನಿಮ್ಮ ಲೋಡ್ ಟೆಸ್ಟ್ ಕ್ಲೀನ್ ಬಂದದ್ದು ಅದಕ್ಕೇ.

ಸರಿಯಾಗಿ 5 ಸೆಕೆಂಡಿಗೊಮ್ಮೆ ಕರೆಯುವವರು ಯಾರಾದರೂ ಇದ್ದಾರಾ?

ಗೊರಬಲು_ಗಿರಾಕಿ
ಅಯ್ಯೋ, ಇದೆ. ಮಂಡಿಯ ಟಿವಿ ಬೋರ್ಡ್! ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ದರ ಓಡಿಸುವ ಪರದೆ. 5 ಸೆಕೆಂಡಿಗೊಮ್ಮೆ ಕೇಳುತ್ತೆ. ಸಂಜೆ ಹೋಗುವಾಗ ಅದನ್ನು ಆಫ್ ಮಾಡುವವರು ಯಾರೂ ಇಲ್ಲ.

ಆಗುಂಬೆ_ಲಾಗ್ಸ್
ಅದನ್ನು 7 ಸೆಕೆಂಡ್ ಮಾಡಿ ನೋಡಿ. 503 ನಿಂತರೆ ಕಾರಣ ಇದೇ ಅಂತ ಖಾತ್ರಿ. ಆಮೇಲೆ ಮರೆಯದೆ ವಾಪಸ್ 5ಕ್ಕೆ ತನ್ನಿ, ಅದು ಪರೀಕ್ಷೆ ಮಾತ್ರ.

ಪರಿಹಾರಕ್ಕೆ ನೋಡ್‌ನಲ್ಲಿ ಕೀಪ್‌ಅಲೈವ್‌ಟೈಮ್‌ಔಟ್ 65000 ಇಡಿ (ಮಿಲಿಸೆಕೆಂಡ್, ಹುಷಾರು). ಹೆಡರ್ಸ್‌ಟೈಮ್‌ಔಟ್ (ರಿಕ್ವೆಸ್ಟ್‌ನ ಹೆಡರ್ ಬರಲು ಕಾಯುವ ಮಿತಿ) ಅದಕ್ಕಿಂತ ಸ್ವಲ್ಪ ಜಾಸ್ತಿ, 66000 ಇರಲಿ. ಇಷ್ಟೇ ಮಾಡಿದರೆ 65 ಸೆಕೆಂಡಿನ ಅಂಚಿನಲ್ಲಿ ಮತ್ತೆ ಅದೇ ಕಥೆ, ಅಪರೂಪಕ್ಕೆ ಬರುತ್ತೆ ಅಷ್ಟೇ. ಅದಕ್ಕೇ ಇಸ್ಟಿಯೊದ ಕನೆಕ್ಷನ್ ನಿಯಮವಾದ ಡೆಸ್ಟಿನೇಶನ್‌ರೂಲ್‌ನ ಕನೆಕ್ಷನ್‌ಪೂಲ್‌ನಲ್ಲಿ ಎಚ್‌ಟಿಟಿಪಿ ಐಡಲ್‌ಟೈಮ್‌ಔಟ್ 60 ಸೆಕೆಂಡ್ ಕೊಡಿ. ಕರೆಯುವವನೇ ಮೊದಲು ಮುಚ್ಚಬೇಕು. ಉತ್ತರ ಕೊಡುವವನು ಮೊದಲು ಮುಚ್ಚಿದರೆ ಈ ತಕರಾರು ತಪ್ಪಿದ್ದಲ್ಲ.

ಗೊರಬಲು_ಗಿರಾಕಿ
7 ಮಾಡಿದ ತಕ್ಷಣ ನಿಂತಿತು. ಈಗ ಎರಡೂ ಕಡೆ ಟೈಮ್‌ಔಟ್ ಬದಲಿಸಿ ಬೋರ್ಡನ್ನು ಮತ್ತೆ 5ಕ್ಕೆ ತಂದಿದ್ದೇವೆ. ಯುಸಿ ಕಾಣಿಸುತ್ತಿಲ್ಲ. ಉಳಿದ ನೋಡ್ ಸರ್ವಿಸ್‌ಗಳಿಗೂ ಹಾಕುತ್ತೇವೆ. ತುಂಬಾ ಥ್ಯಾಂಕ್ಸ್ ಸಾರ್.

ಶರಾವತಿ_ದಂಡೆ
ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಇಷ್ಟು ಸಣ್ಣ ಆ್ಯಪ್‌ಗೆ ಮೆಶ್ ಬೇಕಿತ್ತಾ?

ಆಗುಂಬೆ_ಲಾಗ್ಸ್
ನ್ಯಾಯವಾದ ಪ್ರಶ್ನೆ. ಡೀಫಾಲ್ಟ್‌ನಲ್ಲಿ ಒಂದೊಂದು ಸೈಡ್‌ಕಾರ್ 128 ಎಂಬಿ ಮೆಮೊರಿ ಕೇಳುತ್ತೆ. 40 ಪಾಡ್ ಇದ್ದರೆ ಅದಕ್ಕೇ 5 ಜಿಬಿ ಕಟ್ಟಿಡಬೇಕು. ಎಂಟಿಎಲ್‌ಎಸ್ (ಎರಡೂ ಕಡೆ ಗುರುತು ಪರೀಕ್ಷಿಸುವ ಗೂಢಲಿಪಿ ಸಂಪರ್ಕ) ಒಂದೇ ಬೇಕಿದ್ದರೆ ಇಸ್ಟಿಯೊದ ಆ್ಯಂಬಿಯಂಟ್ ಮೋಡ್ ನೋಡಿ, 1.24ರಲ್ಲಿ ಸ್ಥಿರವಾಗಿದೆ. ಪಾಡ್‌ಗೊಂದರ ಬದಲು ಪ್ರತಿ ಯಂತ್ರಕ್ಕೆ ಒಂದೇ ಪ್ರಾಕ್ಸಿ, ಝಡ್‌ಟನಲ್. ಟೆಂಡರ್‌ಗೆ ಒಂದು ನಿಯಮ, ದರಕ್ಕೆ ಇನ್ನೊಂದು ಅಂತ ರಿಟ್ರೈ ಬೇರೆ ಮಾಡಬೇಕಾದರೆ ಅದರ ಜೊತೆ ವೇಪಾಯಿಂಟ್ (ರಿಕ್ವೆಸ್ಟ್ ಮಟ್ಟದ ನಿಯಮ ನೋಡಿಕೊಳ್ಳುವ ಇನ್ನೊಂದು ಪ್ರಾಕ್ಸಿ) ಕೂಡ ಬೇಕಾಗುತ್ತೆ.