ಜನವರಿಯಲ್ಲಿ ಕಾಶ್ಮೀರ: ಅತ್ತೆಯವರನ್ನ ಕರೆದುಕೊಂಡು ಹೋಗ್ತಿದ್ದೀವಿ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಅಮಾನಿಕೆರೆ ವಾಕಿಂಗ್‌ನಲ್ಲಿ ಈಚೆಗೆ ಪರಿಚಯವಾದ ಎರಡು ಮನೆಯವರ ಜೊತೆ ಸೇರಿ ಶ್ರೀನಗರ, ಗುಲ್ಮಾರ್ಗ್‌ಗೆ ಹೊರಟಿದ್ದೀವಿ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್, ವರ್ಷದಲ್ಲೇ ಕಡು ಚಳಿಯ ಕಾಲ. ಮಕ್ಕಳಿಗೆ ಹಿಮ ಬೇಕು, ಅದಕ್ಕೇ ಆಗಲೇ ಹೋಗ್ತಿರೋದು.

ನನ್ನ ಚಿಂತೆ ಅತ್ತೆಯವರದು. ಮಂಡಿನೋವಿದೆ, ಸೀರೆ ಬಿಟ್ಟು ಬೇರೇನೂ ಉಡಲ್ಲ. ಮೊನ್ನೆ ಅಂಗಡಿಯಲ್ಲಿ ಶೂ ಹಾಕಿಸಿದರೆ ಎರಡು ಹೆಜ್ಜೆ ಇಟ್ಟು, "ಬಿಚ್ಚಮ್ಮ, ಕಾಲು ಕಟ್ಟಿಹಾಕಿದಂಗೆ ಆಗ್ತದೆ" ಅಂತ ಅಲ್ಲೇ ಕೂತುಬಿಟ್ಟರು. ಸೀರೆ ಒಳಗೆ ಥರ್ಮಲ್ ಹಾಕಿಕೊಂಡು ಓಡಾಡಿದವರು ಯಾರಾದರೂ ಇದ್ದೀರಾ? ಗಮ್‌ಬೂಟು, ಕೋಟು ಗುಲ್ಮಾರ್ಗ್ ದಾರಿಯಲ್ಲಿ ಬಾಡಿಗೆಗೆ ಸಿಗುತ್ತಂತೆ. ವಯಸ್ಸಾದವರ ಕಾಲಿಗೆ ಸರಿಹೋಗುತ್ತಾ, ಇಲ್ಲಿಂದಲೇ ಕೊಂಡು ಹೋಗೋದಾ?

ಇನ್ನೊಂದು, ದೆಹಲಿಯಿಂದ ರೈಲಲ್ಲಿ ಜಮ್ಮು ಹತ್ತಿರದ ಕಟ್ರಾಗೆ ಹೋಗಿ, 2025ರಲ್ಲಿ ಶುರುವಾದ ವಂದೇ ಭಾರತ್‌ನಲ್ಲಿ ಶ್ರೀನಗರ ಸೇರೋಣ ಅಂತ ನಮ್ಮೆಜಮಾನರ ಆಸೆ. ಜನವರಿಯ ಮಂಜಿಗೆ ಉತ್ತರದ ರೈಲುಗಳು ಗಂಟೆಗಟ್ಟಲೆ ತಡ. ಕಟ್ರಾದಲ್ಲಿ ಒಂದು ರಾತ್ರಿ ಉಳಿಯೋದು ವಾಸಿನಾ? ವಿಮಾನವೇ ಮೇಲು ಅನ್ನೋರೂ ಹೇಳಿ, ನಮ್ಮೆಜಮಾನರ ಮುಂದೆ ಓದಿ ತೋರಿಸ್ತೀನಿ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ ಅಂತ ಗೊತ್ತು, ಪೋಸ್ಟ್‌ಪೇಯ್ಡ್ ಮಾಡಿಸಿದ್ದೀವಿ. ಊಟಕ್ಕೆ ಹುರಿಹಿಟ್ಟು, ಚಟ್ನಿಪುಡಿ ಇದೆ. ರಾತ್ರಿ ಕೋಣೆ ಬೆಚ್ಚಗಿರೋ, ಮೆಟ್ಟಿಲು ಕಮ್ಮಿ ಇರೋ ವಸತಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದಾಲ್ ಸರೋವರದ ಹೌಸ್‌ಬೋಟ್ ಈ ಚಳಿಗೆ ಆಗುತ್ತಾ ಅನ್ನೋದನ್ನೂ ಹೇಳಿ.