ಕಲ್ಲಿದ್ದಲು ಹಡಗುಗಳ ಡಿಕ್ಕಿ: ನಾವಿಕನ ಮಾತು ನಂಬಬಹುದೇ?

ಪ್ರಶ್ನೆ: ಲಂಡನ್ನಿನ ಅಡ್ಮಿರಾಲ್ಟಿ ನ್ಯಾಯಾಲಯದ (ಹಡಗು, ಸಮುದ್ರದ ವ್ಯಾಜ್ಯಗಳನ್ನು ವಿಚಾರಿಸುತ್ತಿದ್ದ ಕೋರ್ಟು) 1650ರ ದಶಕದ ಸಾಕ್ಷ್ಯಗಳನ್ನು ಓದುತ್ತಿದ್ದೇನೆ. ಉತ್ತರ ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಲಂಡನ್ನಿನ ಥೇಮ್ಸ್ ನದಿಗೆ ಬರುತ್ತಿದ್ದ ಕಲ್ಲಿದ್ದಲು ಹಡಗುಗಳ ಡಿಕ್ಕಿ ಮೊಕದ್ದಮೆಗಳಲ್ಲಿ ನಾವಿಕರೆಲ್ಲ ತಪ್ಪು ಎದುರಿನವರದೇ ಅಂತಾರೆ. ಇದರಲ್ಲಿ ನಿಜ ಎಷ್ಟು?

ಉತ್ತರ 1: ತನ್ನ ಹಡಗನ್ನು ಬಿಟ್ಟುಕೊಡೋ ನಾವಿಕ ಎಲ್ಲಿದ್ದಾನೆ ಸ್ವಾಮಿ! ಆಗ ಸಂಬಳ ಸಾಗಣೆ ಬಾಡಿಗೆಗೆ ಅಂಟಿಕೊಂಡಿತ್ತು. ಹಡಗು ಮುಳುಗಿ ಬಾಡಿಗೆ ಹೋದರೆ ಕೂಲಿಯೂ ಹೋಯಿತು. ಹಡಗಿನ ಕೆಲಸದಿಂದ ನಿವೃತ್ತನಾದವನು ನಾನು. "ತಪ್ಪು ಅವರದು" ಅನ್ನೋ ಸಾಲು ಬಿಟ್ಟು ಗಾಳಿ ಯಾವ ಕಡೆಯದು, ಉಬ್ಬರವೋ ಇಳಿತವೋ, ಲಂಗರು ಹಾಕಿ ನಿಂತಿದ್ದವರು ಯಾರು ಅಂತ ನೋಡ್ತೀನಿ. ಕಲ್ಲಿದ್ದಲು ತುಂಬಿದ ಹಡಗು ನೀರಿನಲ್ಲಿ ಆಳಕ್ಕೆ ಕೂತಿರುತ್ತೆ. ಇಳಿತದ ಸೆಳೆತಕ್ಕೆ ಸಿಕ್ಕರೆ ಚುಕ್ಕಾಣಿ ತಿರುಗಿಸಿದ ತಕ್ಷಣ ಹೊರಳೋಲ್ಲ.

ಉತ್ತರ 2: ಇನ್ನೊಂದು ವಿಷಯ. ಆ ಸಾಕ್ಷ್ಯ ನಾವಿಕ ಕೂತು ಬರೆದದ್ದಲ್ಲ. ವಾದಿಯ ಆರೋಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಿದ್ದ, ಗುಮಾಸ್ತ "ಈ ಸಾಕ್ಷಿಯು ಹೇಳುವುದೇನೆಂದರೆ" ಅಂತ ಬರೆದುಕೊಳ್ಳುತ್ತಿದ್ದ. ಅಕ್ಷರ ಬಾರದವರು ಗುರುತು ಹಾಕುತ್ತಿದ್ದರು. 1652–54ರ ಇಂಗ್ಲೆಂಡ್-ಡಚ್ ಯುದ್ಧದ ದಿನಗಳಾದರೆ ಕಲ್ಲಿದ್ದಲು ಹಡಗುಗಳು ಕಾವಲು ನೌಕೆಗಳ ಜೊತೆ ಗುಂಪಾಗಿ ಬರುತ್ತಿದ್ದವು, ನೂಕುನುಗ್ಗಲು ಬೇರೆ.

ಪ್ರಶ್ನೆ ಕೇಳಿದವರು: ಸರಿ ಸರ್, ಎರಡೂ ಕಡೆಯವರ ಉಬ್ಬರ-ಇಳಿತದ ಹೇಳಿಕೆ ತಾಳೆ ನೋಡ್ತೀನಿ.