ಮೂನ್‌ಲೈಟರ್: ಗಿರಾಕಿ ಸಪ್ಪೆ ಮುಖ ಮಾಡಿದರೂ ಕೊಳ್ಳುತ್ತಾನೆ, ಬೆಲೆ ಇಳಿಸಬೇಕಾ ಬೇಡವಾ?

ಕಿರಾಣಿ_ಮಗ:
ಎಲ್ಲರಿಗೂ ನಮಸ್ಕಾರ. ಸ್ವಿಚ್ ಲೈಟ್‌ನಲ್ಲಿ (ಕೈಯಲ್ಲಿ ಹಿಡಿದು ಆಡೋ ಗೇಮ್ ಯಂತ್ರ) ಮೂನ್‌ಲೈಟರ್ ಗೇಮ್ ಶುರು ಮಾಡಿ ಹತ್ತು ದಿನ ಆಯ್ತು. ಆಡದವರಿಗೆ ಎರಡು ಮಾತು: ರಿನೋಕಾ ಅನ್ನೋ ಊರಲ್ಲಿ ವಿಲ್ ಅನ್ನೋ ಹುಡುಗನಿಗೆ ಒಂದು ಹಳೇ ಅಂಗಡಿ ಇದೆ, ಗುಹೆಗಳಿಗೆ ಇಳಿದು ಜೀವ ಪಣಕ್ಕಿಟ್ಟು ಸಾಮಾನು ತರಬೇಕು, ಹಗಲು ಅದನ್ನೇ ಮಾರಬೇಕು. ಯಾವುದಕ್ಕೂ ಬೆಲೆ ಬರೆದಿರುವುದಿಲ್ಲ, ನಾವೇ ಊಹಿಸಿ ಇಡಬೇಕು.

ನಮ್ಮದು ಹಾವೇರಿ ಕಡೆ ಕಿರಾಣಿ ಅಂಗಡಿ. ಹೈಸ್ಕೂಲಿನಿಂದಲೂ ಗಲ್ಲಾ ಮೇಲೆ ಕೂತವನು ನಾನು, ಇದೇನು ಮಹಾ ಅಂದುಕೊಂಡೆ. ಈಗ ನೋಡಿದರೆ ಮೊದಲ ಗುಹೆ ಮುಗಿಸಿದ್ದೇನೆ, ಎರಡನೆಯದಕ್ಕೆ ಕತ್ತಿ ಮಾಡಿಸೋಕೆ ದುಡ್ಡೇ ಇಲ್ಲ. ಗಿರಾಕಿಗಳು ಬರುತ್ತಾರೆ, ಬೆಲೆ ನೋಡಿ ಸಪ್ಪೆ ಮುಖ ಮಾಡುತ್ತಾರೆ, ಆದರೂ ಕೊಂಡು ಹೋಗುತ್ತಾರೆ. ಕೊಂಡರಲ್ಲ, ಸಾಕು ಅಂತ ಅದೇ ಬೆಲೆ ಇಟ್ಟುಕೊಂಡು ಬಂದೆ. ಮೂರ್ನಾಲ್ಕು ದಿನ ಆದಮೇಲೆ ಅದೇ ವಸ್ತುವನ್ನು ಅದೇ ಬೆಲೆಗೆ ಇಟ್ಟರೆ ಕೋಪ ಮಾಡಿಕೊಂಡು ವಾಪಸ್ ಇಟ್ಟು ಹೋಗುತ್ತಿದ್ದಾರೆ. ಗೇಮಿನ ದೋಷವಾ, ನನ್ನದಾ?

ರಾತ್ರಿಪಾಳಿ:
ನಿಮ್ಮದೇ ಗುರು, ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ತಪ್ಪು ಮಾಡಿದ್ದೆ.

ಮುಖ ನಾಲ್ಕು ಥರ ಇವೆ. ಕಣ್ಣರಳಿಸಿ ಕುಣಿದರೆ ನೀವು ತೀರಾ ಅಗ್ಗಕ್ಕೆ ಕೊಟ್ಟಿರಿ ಅಂತ. ಸುಮ್ನೆ ನಗುಮುಖ ಬಂದರೆ ಬೆಲೆ ಸರಿಯಾಗಿದೆ. ಸಪ್ಪೆ ಮುಖ ಅಂದರೆ ಸ್ವಲ್ಪ ಜಾಸ್ತಿ ಆಯ್ತು, ಕೊಳ್ಳುತ್ತಾನೆ, ಆದರೆ ಆ ವಸ್ತುವಿನ ಬೇಡಿಕೆ ಬೀಳುತ್ತದೆ. ಕೋಪದ ಮುಖ ಬಂದರೆ ಕೊಳ್ಳುವುದೇ ಇಲ್ಲ. ನೀವು ಮೂರನೇ ಮುಖವನ್ನು ಲಾಭ ಅಂತ ಎಣಿಸಿದ್ದೀರಿ. ಬೇಡಿಕೆ ಬಿದ್ದ ಮೇಲೆ ನಿನ್ನೆ ಸಪ್ಪೆಯಾಗಿದ್ದ ಬೆಲೆ ಇವತ್ತು ಕೋಪದ ಬೆಲೆ ಆಗುತ್ತದೆ, ಅಷ್ಟೇ.

ನಾನು ಮಾಡೋದು ಹೀಗೆ. ಹೊಸ ವಸ್ತು ಸಿಕ್ಕರೆ ಒಂದೇ ಒಂದನ್ನು ಶೆಲ್ಫ್ ಮೇಲೆ ಇಡುತ್ತೇನೆ, 100 ಅಂದುಕೊಳ್ಳಿ. ಕೋಪ ಬಂದರೆ ಅಂಗಡಿ ತೆರೆದಿರುವಾಗಲೇ ಶೆಲ್ಫ್ ಹತ್ತಿರ ಓಡಿ 60 ಮಾಡುತ್ತೇನೆ. ಕುಣಿದರೆ ಮುಂದಿನದಕ್ಕೆ 80. ನಾಲ್ಕೈದು ಗಿರಾಕಿಗಳಲ್ಲಿ ಸರಿಯಾದ ಬೆಲೆ ಸಿಕ್ಕಿಬಿಡುತ್ತದೆ. ಯಾವ ಬೆಲೆಗೆ ಯಾವ ಮುಖ ಬಂತು ಅನ್ನೋದನ್ನು ಗೇಮಿನ ನೋಟ್‌ಬುಕ್ಕೇ ಬರೆದಿಟ್ಟುಕೊಳ್ಳುತ್ತದೆ, ನೀವು ಲೆಕ್ಕ ಇಡಬೇಕಿಲ್ಲ. ಅದನ್ನು ತೆರೆದು ನೋಡಿದ್ದೀರಾ ಇಲ್ಲವಾ? ನನ್ನ ತಮ್ಮ ಇಪ್ಪತ್ತು ಗಂಟೆ ಆಡಿದ ಮೇಲೂ ಅದನ್ನು ತೆರೆದಿರಲಿಲ್ಲ, ಒಂದು ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡು ಕೂತಿದ್ದ.

ಇನ್ನೊಂದು, ಒಂದೇ ವಸ್ತುವನ್ನು ರಾಶಿ ಹಾಕಿ ಮಾರಬೇಡಿ. ಬೆಲೆ ಸರಿ ಇದ್ದರೂ ಜಾಸ್ತಿ ಮಾರಿದರೆ ಬೇಡಿಕೆ ಇಳಿಯುತ್ತದೆ. ಬಿದ್ದಿದ್ದನ್ನು ಪೆಟ್ಟಿಗೆಯಲ್ಲಿ ಹಾಕಿ ಬೇರೆ ಸಾಮಾನು ಮಾರುತ್ತಿರಿ, ಸ್ವಲ್ಪ ದಿನ ಬಿಟ್ಟು ಚೇತರಿಸಿಕೊಳ್ಳುತ್ತದೆ.

ಮಲ್ಲಿಗೆ_ಮೊಗ್ಗು:
ಬೆಲೆ ವಿಷಯ ಅವರು ಹೇಳಿದ್ದು ಸರಿ. ಆದರೆ ಕತ್ತಿಗೆ ದುಡ್ಡಿಲ್ಲ ಅಂದರೆ ನನಗೆ ಬೇರೆ ಅನುಮಾನ. ಕತ್ತಿಗೆ ಬೇಕಾದ ಸಾಮಾನನ್ನೇ ಮಾರಿಬಿಡುತ್ತಿಲ್ಲ ತಾನೇ? ಕಮ್ಮಾರನ ಹತ್ತಿರ ಹೋಗಿ ಬೇಕಾದ ಕತ್ತಿಗೆ ಗುರುತು ಹಾಕಿಕೊಳ್ಳಿ, ಆಮೇಲೆ ಅದಕ್ಕೆ ಬೇಕಾಗುವ ಸಾಮಾನಿನ ಮೇಲೆ ಚೀಲದಲ್ಲೇ ನಕ್ಷತ್ರ ಕಾಣುತ್ತದೆ. ಅದನ್ನು ಶೆಲ್ಫ್‌ಗೆ ತರಲೇಬೇಡಿ.

ಮತ್ತೆ ಚೀಲ. 20 ಖಾನೆ, ಅದರಲ್ಲಿ ಮೇಲಿನ ಸಾಲಿನ 5 ನಿಮ್ಮ ಜೇಬು. ಗುಹೆಯಲ್ಲಿ ಸತ್ತರೆ ಜೇಬಿನದ್ದು ಮಾತ್ರ ಉಳಿಯುತ್ತದೆ, ಉಳಿದಿದ್ದೆಲ್ಲ ಗೋವಿಂದ. ನಾನು ಬೆಲೆಬಾಳುವುದು ಸಿಕ್ಕ ತಕ್ಷಣ ಮೇಲಿನ ಸಾಲಿಗೆ ಎಳೆಯುತ್ತೇನೆ, ಬಳ್ಳಿ ಬೇರುಗಳನ್ನು ಕೆಳಗೆ ತಳ್ಳುತ್ತೇನೆ. ಶಾಪ ತಗುಲಿದ ವಸ್ತುಗಳೂ ಸಿಗುತ್ತವೆ, ಕೆಲವಕ್ಕೆ ಬಾಣದ ಗುರುತು ಇರುತ್ತದೆ, ಊರಿಗೆ ಬಂದಾಗ ಬಾಣ ತೋರಿಸಿದ ಕಡೆ ಇರುವ ವಸ್ತು ಹಾಳಾಗುತ್ತದೆ. ಬಾಣದ ಎದುರಿಗೆ ಬಳ್ಳಿ ಇಡಿ. ಈ ಚೀಲ ಜೋಡಿಸೋ ಕೆಲಸ ನನಗೆ ಹೊಡೆದಾಟಕ್ಕಿಂತ ಇಷ್ಟ, ಊರಿಗೆ ಹೊರಡೋ ಮುಂಚೆ ಬಟ್ಟೆ ಬ್ಯಾಗ್ ತುಂಬಿದ ಹಾಗೆ.

ಹುಬ್ಬಳ್ಳಿ_ಪ್ಯಾಸೆಂಜರ್:
ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಅಂಗಡಿ ದೊಡ್ಡದು ಮಾಡಿ, ಸಹಾಯಕರನ್ನು ಇಡಿ, ಅವರು ಮಾರಲಿ, ನೀವು ಗುಹೆಗೆ ಹೋಗಿ. ಪಾಲು ಹೋಗುತ್ತದೆ, ಹೋಗಲಿ. ನಾನು ರೈಲಿನಲ್ಲಿ ಮಾತ್ರ ಆಡೋನು, ಹಾವೇರಿ ದಾಟೋದರೊಳಗೆ ಒಂದು ಗುಹೆ ಮುಗಿಯಬೇಕು, ಅಂಗಡಿಯಲ್ಲಿ ನಿಲ್ಲೋ ತಾಳ್ಮೆ ಇಲ್ಲ. ಸ್ವಿಚ್ ಲೈಟ್‌ನ ಐದೂವರೆ ಇಂಚಿನ ಪರದೆಯಲ್ಲಿ ಅಕ್ಷರ ಬೇರೆ ಸಣ್ಣ, ಕಣ್ಣು ಕಿರಿದು ಮಾಡಿ ಓದಬೇಕು.

ರಾತ್ರಿಪಾಳಿ:
@ಹುಬ್ಬಳ್ಳಿ_ಪ್ಯಾಸೆಂಜರ್ ಅಂಗಡಿ ಬೇಡ ಅಂದರೆ ಬೇರೆ ಗೇಮ್ ಆಡಬಹುದಲ್ವಾ ಅಣ್ಣ, ಗುಹೆ ಇರೋ ಗೇಮ್ ಸಾವಿರ ಇವೆ. ಸಹಾಯಕರು ಬೇಡ ಅನ್ನುತ್ತಿಲ್ಲ, ಆದರೆ ಅವರು ಮಾರುವುದೂ ನೀವು ಇಟ್ಟ ಬೆಲೆಗೇ. ಬೆಲೆ ತಪ್ಪಿದ್ದರೆ ಅವರೂ ನಷ್ಟಕ್ಕೇ ಮಾರುತ್ತಾರೆ, ಮೇಲೆ ಪಾಲು ಬೇರೆ.

ಕಿರಾಣಿ_ಮಗ:
ಎಲ್ಲರಿಗೂ ಥ್ಯಾಂಕ್ಸ್. ನೋಟ್‌ಬುಕ್ ತೆರೆದೆ. ಮರ್ಯಾದೆ ಹೋಯ್ತು. ನಾನು ಇಟ್ಟಿದ್ದ ಬೆಲೆಗಳಲ್ಲಿ ಮುಕ್ಕಾಲು ಪಾಲು ಸಪ್ಪೆ ಮುಖದ ಕೆಳಗೇ ಸಾಲಾಗಿ ಕೂತಿದ್ದವು. ಮೇಡಂ, ನಿಮ್ಮ ಅನುಮಾನವೂ ನಿಜ, ಕತ್ತಿಗೆ ಬೇಕಾದ್ದರಲ್ಲಿ ಎರಡನ್ನು ನಾನೇ ಮಾರಿದ್ದೆ. ಎರಡು ದಿನ ಹಳೇ ಸಾಮಾನು ಹೊರಗೆ ತೆಗೆಯಲೇ ಇಲ್ಲ, ಬೇರೆ ಇಟ್ಟೆ, ನಗುಮುಖ ಬಂದಲ್ಲಿ ನಿಲ್ಲಿಸಿದೆ. ಕತ್ತಿ ಆಯ್ತು.

ನಿನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದ ಅಪ್ಪ ಕನ್ನಡಕ ಮೇಲೆ ಮಾಡಿಕೊಂಡು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನಾನು ಗಲ್ಲಾ ಹತ್ತಿರ ಇಬ್ಬರ ದುಡ್ಡು ತೆಗೆದುಕೊಳ್ಳುವ ಗಡಿಬಿಡಿಯಲ್ಲಿದ್ದೆ. "ಲೇ, ಆ ಮೂಲ್ಯಾಗ ನಿಂತಾನಲ್ಲ, ಅವ ಕೊಳ್ಳಾಕ ಬಂದಿಲ್ಲ" ಅಂದರು. ನಾನು ತಿರುಗೋದರೊಳಗೆ ಅವನು ಶೆಲ್ಫ್‌ನಿಂದ ಎತ್ತಿಕೊಂಡು ಬಾಗಿಲ ಕಡೆ ಓಡಿದ್ದ. ಕಳ್ಳರನ್ನು ಹಿಡಿಯೋದು ಹೇಗೆ, ಯಾರಾದರೂ ಹೇಳುತ್ತೀರಾ?

ಮಲ್ಲಿಗೆ_ಮೊಗ್ಗು:
ಗುಹೆಯಲ್ಲಿ ಉರುಳಿ ತಪ್ಪಿಸಿಕೊಳ್ಳುತ್ತೀರಲ್ಲ, ಅದೇ ಬಟನ್ ಒತ್ತಿ ಅವನ ಮೇಲೆ ಉರುಳಿ. ಬಾಗಿಲು ದಾಟೋ ಮುಂಚೆ. ಮತ್ತೆ ದುಬಾರಿ ಸಾಮಾನನ್ನು ಗಲ್ಲಾ ಹತ್ತಿರದ ಶೆಲ್ಫ್‌ನಲ್ಲೇ ಇಡಿ, ಇದು ನಿಮ್ಮಪ್ಪನಿಗೆ ಹೇಳಿಕೊಡಬೇಕಿಲ್ಲ.